ಹಳೆ ಸ್ಟ್ಯಾಂಡರ್ಡ್ ಮಾಲೋ, ಹೊಸದೋ, ಸೆಕೆಂಡ್ ಹ್ಯಾಂಡೋ? ನಮ್ಮ ಕಡೆಯ ಕೇಬಲ್ ಆಪರೇಟರ್‌ಗಳಿಗೊಂದು ಹೋಲಿಕೆ

ಶಿರಾ, ಮಧುಗಿರಿ, ಗುಬ್ಬಿ ಕಡೆಯ ಕೇಬಲ್ ಆಪರೇಟರ್‌ಗಳು ಈಚೆಗೆ ನನ್ನನ್ನು ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. "ಅಣ್ಣ, ಡೀಲರ್ ಹತ್ರ ಎರಡು ಥರದ ಮಾಲು ಇದೆ. ಒಂದರ ಲೇಬಲ್ ಮೇಲೆ 13252 ಅಂತಿದೆ, ಇನ್ನೊಂದರ ಮೇಲೆ 62368 ಅಂತಿದೆ. ಮೊದಲನೇದು ಕಮ್ಮಿಗೆ ಕೊಡ್ತೀನಿ ಅಂತಿದ್ದಾರೆ. ತಗೊಳ್ಳಲಾ?" ಇವು ಸುರಕ್ಷತಾ ಸ್ಟ್ಯಾಂಡರ್ಡ್‌ಗಳ ನಂಬರ್, ಮೊದಲನೆಯದು ಹಳೆಯದು, ಎರಡನೆಯದು ಹೊಸದು. ಇನ್ನು ಕೆಲವರಿಗೆ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಓಎಲ್‌ಟಿ (ಕಂಟ್ರೋಲ್ ರೂಮಿನಲ್ಲಿ ಕೂತು ಎಲ್ಲ ಫೈಬರ್ ಲೈನ್ ನಡೆಸುವ ಮುಖ್ಯ ಪೆಟ್ಟಿಗೆ) ಸಿಗುವ ಹಾಗಿದೆ. ಮತ್ತೆ ಕೆಲವರು ದೊಡ್ಡ ಕಂಪನಿ ಜೊತೆ ಸೇರಿ ಅವರದೇ ಸಾಮಾನು ಹಾಕಿಸಿಕೊಂಡರೆ ಹೇಗೆ ಅಂತ ಯೋಚಿಸುತ್ತಿದ್ದಾರೆ.

ಟಿವಿ ಕೇಬಲ್‌ನಿಂದ ಫೈಬರ್ ಇಂಟರ್ನೆಟ್‌ಗೆ ಬರುತ್ತಿರುವವರಿಗೆ ಇದು ಸಣ್ಣ ಖರ್ಚಲ್ಲ. ಓಎಲ್‌ಟಿ, ಸ್ವಿಚ್, ಮನೆಮನೆಗೆ ಓಎನ್‌ಯು (ಗ್ರಾಹಕರ ಮನೆಯ ಫೈಬರ್ ಪೆಟ್ಟಿಗೆ), ಯುಪಿಎಸ್, ಬ್ಯಾಟರಿ ಎಲ್ಲ ಸೇರಿದರೆ ಬಹಳ ಜನ ಸಾಲ ಮಾಡಿಯೇ ತರಬೇಕು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಬದಲಾಗಿದ್ದು ಏನು?

ಕಂಪ್ಯೂಟರ್, ಮೋಡೆಮ್, ಸ್ವಿಚ್, ಟೆಲಿಫೋನ್ ಎಕ್ಸ್‌ಚೇಂಜ್ ಸಾಮಾನು ಇವಕ್ಕೆಲ್ಲ ಬಹಳ ಕಾಲ ಇದ್ದ ಅಂತರರಾಷ್ಟ್ರೀಯ ಸುರಕ್ಷತಾ ಸ್ಟ್ಯಾಂಡರ್ಡ್ ಐಇಸಿ 60950-1. ಟಿವಿ, ಆಂಪ್ಲಿಫೈಯರ್‌ಗಳಿಗೆ ಬೇರೆ ಇತ್ತು, ಐಇಸಿ 60065. ನಮ್ಮ ದೇಶದಲ್ಲಿ ಇವುಗಳ ರೂಪ ಐಎಸ್ 13252 (ಭಾಗ 1) ಮತ್ತು ಐಎಸ್ 616. ಟಿವಿಯೊಳಗೆ ಇಂಟರ್ನೆಟ್ ಬಂತು, ಕಂಪ್ಯೂಟರ್ ಒಳಗೆ ಟಿವಿ ಬಂತು. ಎರಡು ಪುಸ್ತಕ ಇಟ್ಟುಕೊಂಡು ಒಂದೇ ಪೆಟ್ಟಿಗೆ ಪರೀಕ್ಷೆ ಮಾಡುವುದು ಕಷ್ಟವಾಯಿತು. ಹಾಗಾಗಿ ಎರಡರ ಜಾಗಕ್ಕೆ ಐಇಸಿ 62368-1 ಬಂತು. ಮೊದಲ ಆವೃತ್ತಿ 2010ರಲ್ಲಿ, ಆಮೇಲೆ 2014, 2018, 2023ರಲ್ಲಿ ಪರಿಷ್ಕರಣೆ. ಯೂರೋಪಿನಲ್ಲಿ 2020ರ ಡಿಸೆಂಬರ್ 20ಕ್ಕೆ ಹಳೆಯದು ಪೂರ್ತಿ ಹೋಯಿತು. ಭಾರತದಲ್ಲಿ ಎರಡೂ ಕೆಲ ಕಾಲ ಜೊತೆಯಲ್ಲೇ ನಡೆಯಲು ಅವಕಾಶ ಕೊಟ್ಟು, ಐಎಸ್/ಐಇಸಿ 62368 (ಭಾಗ 1) ಕಡೆಗೆ ದಾಟಿಸುತ್ತಿದ್ದಾರೆ. ಅಂಗಡಿಯಲ್ಲಿ ಎರಡು ಥರದ ಲೇಬಲ್ ಕಾಣುವುದು ಇದಕ್ಕೇ.

ನಂಬರ್ ಬದಲಾದದ್ದಕ್ಕಿಂತ ಯೋಚನೆ ಬದಲಾದದ್ದು ಮುಖ್ಯ. ಹಳೆಯ ಸ್ಟ್ಯಾಂಡರ್ಡ್ ಹೆಚ್ಚಾಗಿ ಪೆಟ್ಟಿಗೆಯನ್ನೇ ನೋಡುತ್ತಿತ್ತು. ಇನ್ಸುಲೇಶನ್ ಇಷ್ಟಿರಬೇಕು, ಅಂತರ ಇಷ್ಟಿರಬೇಕು ಎಂಬ ನಿಯಮಗಳು. ಅಂಥ ಲೆಕ್ಕಗಳು ಹೊಸದರಲ್ಲೂ ಇವೆ. ಆದರೆ ಅದು ಮೊದಲು ಕೇಳುವ ಪ್ರಶ್ನೆಗಳೇ ಬೇರೆ. ನೋವು ಕೊಡಬಲ್ಲ ಶಕ್ತಿ ಒಳಗೆ ಎಲ್ಲಿದೆ? ಅದು ಯಾವ ದಾರಿಯಲ್ಲಿ ಮನುಷ್ಯನ ಮೈಗೆ ತಲುಪಬಹುದು? ಆ ದಾರಿಗೆ ಏನು ಅಡ್ಡ ಇಟ್ಟಿದ್ದೀರಿ?

ಶಕ್ತಿಗೆ ಮೂರು ದರ್ಜೆ ಇದೆ. ಒಂದನೇ ದರ್ಜೆ ಮುಟ್ಟಿದರೆ ಗೊತ್ತಾಗಬಹುದು, ನೋವಿಲ್ಲ. ಎರಡನೆಯದು ನೋಯಿಸಬಹುದು, ಗಾಯ ಮಾಡುವುದಿಲ್ಲ. ಮೂರನೆಯದು ಗಾಯ ಮಾಡುತ್ತದೆ, ಜೀವವನ್ನೂ ತೆಗೆಯಬಹುದು. ಶಾಕ್ ವಿಚಾರದಲ್ಲಿ ಡಿಸಿ 60 ವೋಲ್ಟ್‌ವರೆಗೆ ಒಂದನೇ ದರ್ಜೆ. ಬೆಂಕಿ ವಿಚಾರದಲ್ಲಿ 15 ವ್ಯಾಟ್‌ವರೆಗೆ ಒಂದನೆಯದು, 100 ವ್ಯಾಟ್‌ವರೆಗೆ ಎರಡನೆಯದು, ಅದರ ಮೇಲೆ ಮೂರನೆಯದು.

ಮನುಷ್ಯರನ್ನೂ ಮೂರು ಗುಂಪು ಮಾಡಿದ್ದಾರೆ. ಏನೂ ಗೊತ್ತಿಲ್ಲದ ಸಾಮಾನ್ಯ ಜನ, ಹೇಳಿಕೊಟ್ಟು ಕೆಲಸಕ್ಕೆ ಬಿಟ್ಟವರು, ಪೂರ್ತಿ ಪಳಗಿದ ಟೆಕ್ನಿಷಿಯನ್‌ಗಳು. ಸಾಮಾನ್ಯ ಜನರಿಗೂ ಮೂರನೇ ದರ್ಜೆಯ ಶಕ್ತಿಗೂ ನಡುವೆ ಎರಡು ಪದರದ ರಕ್ಷಣೆ ಬೇಕು, ಇಲ್ಲವೇ ಎರಡಕ್ಕೆ ಸಮನಾದ ಒಂದು ಗಟ್ಟಿ ರಕ್ಷಣೆ ಬೇಕು. ಒಂದು ಕೈಕೊಟ್ಟರೂ ಇನ್ನೊಂದು ಉಳಿದಿರಬೇಕು ಅಂತ.

ನಮ್ಮ ನೆಟ್‌ವರ್ಕ್ ನೋಡಿದರೆ ಈ ಮೂರು ಗುಂಪು ಸರಿಯಾಗಿ ಮೂರು ಜಾಗಕ್ಕೆ ಕೂರುತ್ತವೆ. ಗ್ರಾಹಕರ ಮನೆಯಲ್ಲಿ ಮೊದಲನೆಯವರು. ಬೀದಿಯ ಕಂಬ, ಬಾಕ್ಸ್ ಹತ್ತಿರ ನಮ್ಮ ಲೈನ್ ಹುಡುಗರು. ಬೀಗ ಹಾಕಿದ ಕಂಟ್ರೋಲ್ ರೂಮಿನಲ್ಲಿ ಪಳಗಿದವರು. ಕೊಳ್ಳುವ ತೀರ್ಮಾನವನ್ನೂ ಇದೇ ಲೆಕ್ಕದಲ್ಲಿ ಮಾಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಲ್ಲ ಕಡೆಗೂ ಒಂದೇ ಥರದ ಮಾಲು ಬೇಕಿಲ್ಲ. ಎಲ್ಲ ಕಡೆಯೂ ಒಂದೇ ಥರ ಉಳಿಸಲೂ ಆಗುವುದಿಲ್ಲ.

ಯಾವುದರ ಮೇಲೆ ತೂಗಬೇಕು?

ಮೊದಲನೆಯದು ಈಗ ಹೇಳಿದ್ದು: ಈ ಪೆಟ್ಟಿಗೆ ಯಾರ ಕೈಗೆ ಸಿಗುತ್ತದೆ.

ಎರಡನೆಯದು ಕಾಗದ. ಇಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆ ಇವೆ, ಬಹಳ ಜನ ಒಂದೇ ಅಂದುಕೊಳ್ಳುತ್ತಾರೆ. ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್‌ನ ಕಡ್ಡಾಯ ನೋಂದಣಿ 2012ರ ಆದೇಶದಿಂದ ಬಂದದ್ದು. ಲೇಬಲ್ ಮೇಲೆ ಸ್ಟ್ಯಾಂಡರ್ಡ್‌ನ ನಂಬರೂ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ನಂಬರೂ ಇರುತ್ತವೆ. ಇನ್ನೊಂದು ಟೆಲಿಕಾಂ ಇಲಾಖೆಯ ಇಂಜಿನಿಯರಿಂಗ್ ಕೇಂದ್ರ ಟಿಇಸಿ ನಡೆಸುವ ಕಡ್ಡಾಯ ಪರೀಕ್ಷೆ, ಎಂಟಿಸಿಟಿಇ. ಇದರ ನಿಯಮ 2017ರಲ್ಲಿ ಬಂತು. ಹಂತಹಂತವಾಗಿ ಜಾರಿಯಾಗಿ, ಓಎಲ್‌ಟಿ, ಓಎನ್‌ಯು ಸೇರುವ ಪಾನ್ (ಒಂದು ಫೈಬರನ್ನು ಹಲವು ಮನೆಗೆ ಹಂಚುವ ವ್ಯವಸ್ಥೆ) ಸಾಮಾನಿಗೆ 2020ರ ಅಕ್ಟೋಬರ್‌ನಿಂದ ಅನ್ವಯವಾಯಿತು. ರೂಟರ್, ಸ್ವಿಚ್‌ಗಳು ಆಮೇಲಿನ ಹಂತಗಳಲ್ಲಿ ಬಂದವು. ನಿಮ್ಮದೇ ಇಂಟರ್ನೆಟ್ ಲೈಸೆನ್ಸ್ ಇದ್ದರೆ, ಅದು ಒಂದು ಎಸ್‌ಎಸ್‌ಎ (ಹೆಚ್ಚುಕಮ್ಮಿ ಒಂದು ಜಿಲ್ಲೆಯಷ್ಟರ ಟೆಲಿಕಾಂ ಪ್ರದೇಶ) ವ್ಯಾಪ್ತಿಯ ಸಿ ವರ್ಗದ್ದೇ ಆದರೂ, 2021ರ ಜೂನ್ 15ರಿಂದ ಮತ್ತೊಂದು ನಿಯಮವೂ ಇದೆ. ನೆಟ್‌ವರ್ಕ್‌ಗೆ ಹೊಸದಾಗಿ ಸೇರಿಸುವ ಸಾಮಾನು ಸರ್ಕಾರ ಒಪ್ಪಿದ ನಂಬಿಕಸ್ತ ಮೂಲದಿಂದಲೇ ಬಂದಿರಬೇಕು.

ಮೂರನೆಯದು ನಮ್ಮ ಊರಿನ ಕರೆಂಟು, ಬಿಸಿಲು, ಸಿಡಿಲು. ನಾಲ್ಕನೆಯದು ಎಷ್ಟು ವರ್ಷ ಓಡಿಸುತ್ತೀರಿ, ಅಲ್ಲಿಯವರೆಗೆ ಅದೇ ಮಾಡೆಲ್ ಸಿಗುತ್ತದೆಯೇ ಎಂಬುದು. ಬೆಲೆಯನ್ನು ಕೊನೆಗೆ ಇಟ್ಟಿದ್ದೇನೆ. ಅದು ಮುಖ್ಯವಲ್ಲ ಅಂತಲ್ಲ. ಮೊದಲಿನ ನಾಲ್ಕು ನೋಡದೆ ಬೆಲೆ ಹೋಲಿಸಿದರೆ ಎರಡು ಬೇರೆ ಸಾಮಾನುಗಳನ್ನು ಹೋಲಿಸಿದಂತಾಗುತ್ತದೆ, ಅಷ್ಟೇ.

ಹಳೆ ಸ್ಟ್ಯಾಂಡರ್ಡ್‌ನ ಹೊಸ ಮಾಲು

ಇದನ್ನು ಅಪಾಯಕಾರಿ ಅಂತ ಸುಮ್ನೆ ತಳ್ಳಿಹಾಕಬೇಡಿ. 60950 ಪ್ರಕಾರ ಚೆನ್ನಾಗಿ ಮಾಡಿದ ಸ್ವಿಚ್‌ಗಳು ಎಷ್ಟೋ ಎಕ್ಸ್‌ಚೇಂಜ್‌ಗಳಲ್ಲಿ ವರ್ಷಗಟ್ಟಲೆ ತೊಂದರೆ ಇಲ್ಲದೆ ಓಡಿವೆ. ಪ್ರಾಮಾಣಿಕವಾಗಿ ಪರೀಕ್ಷೆಯಾದ ಹಳೆ ಸ್ಟ್ಯಾಂಡರ್ಡ್ ಪೆಟ್ಟಿಗೆ, ಲೇಬಲ್ ಮಾತ್ರ ಹೊಸದಾಗಿರುವ ಕಳಪೆ ಪೆಟ್ಟಿಗೆಗಿಂತ ಮೇಲು.

ತೊಡಕು ಬರುವುದು ಬೇರೆ ಕಡೆ. ಬಿಐಎಸ್ ನೋಂದಣಿಗೆ ಅವಧಿ ಇರುತ್ತದೆ, ತಯಾರಕರು ನವೀಕರಿಸುತ್ತಿರಬೇಕು. ಹಳೆ ಮಾಡೆಲ್‌ಗೆ ಮತ್ತೆ ದುಡ್ಡು ಹಾಕುವ ಬದಲು ನಿಲ್ಲಿಸಿಬಿಡುವವರೇ ಜಾಸ್ತಿ. ಮುಂದಿನ ವರ್ಷ ನೀವು ಇನ್ನೊಂದು ಊರಿಗೆ ಲೈನ್ ಎಳೆದಾಗ ಅದೇ ಮಾಡೆಲ್ ಸಿಗದಿರಬಹುದು. ಒಂದೇ ನೆಟ್‌ವರ್ಕ್‌ನಲ್ಲಿ ನಾಲ್ಕು ಥರದ ಸಾಮಾನು ಸೇರಿಕೊಂಡರೆ ರಿಪೇರಿ ಮಾಡುವವನ ಪಾಡು ಕೇಳಬೇಡಿ.

ಹೊರಗಡೆ ಇಡುವುದಾದರೆ ಇನ್ನೊಂದು ಮಾತು. ಹೊರಾಂಗಣದ ಸಾಮಾನಿಗೆ ಹಳೆ ಸರಣಿಯಲ್ಲಿ ಐಇಸಿ 60950-22 ಅಂತ ಪ್ರತ್ಯೇಕ ಭಾಗವಿತ್ತು. ಬರೀ 60950-1 ಪಾಸಾದ ಪೆಟ್ಟಿಗೆಯನ್ನು ಕಂಬಕ್ಕೆ ಹಾಕಿದರೆ, ಮಳೆ ನೀರು, ಇರುವೆ, ಧೂಳಿಗೆ ಅದು ಪರೀಕ್ಷೆಯೇ ಆಗಿರುವುದಿಲ್ಲ. 62368-1ರ 2018ರ ಆವೃತ್ತಿಯಲ್ಲಿ ಹೊರಾಂಗಣದ ನಿಯಮಗಳು ಒಳಗೇ ಸೇರಿವೆ. ಆದರೂ ತಯಾರಕರು ಆ ಮಾಡೆಲನ್ನು ಹೊರಾಂಗಣಕ್ಕೆಂದು ಪರೀಕ್ಷೆ ಮಾಡಿಸಿದ್ದಾರೋ ಇಲ್ಲವೋ ಕೇಳಲೇಬೇಕು.

ಹಾಗಾಗಿ ಈ ಮಾಲಿಗೆ ಸರಿಯಾದ ಜಾಗ ಕಂಟ್ರೋಲ್ ರೂಮ್. ಬೀಗ ಇದೆ, ನೆರಳಿದೆ, ಕೆಲಸ ಗೊತ್ತಿರುವವರೇ ಮುಟ್ಟುತ್ತಾರೆ. ಅಲ್ಲಿಗೆ ಒಂದೆರಡು ಸ್ವಿಚ್ ಕಡಿಮೆ ಬೆಲೆಗೆ ಸಿಕ್ಕರೆ, ನೋಂದಣಿ ಚಾಲ್ತಿಯಲ್ಲಿದ್ದರೆ, ತಗೊಳ್ಳಿ. ಒಂದು ಸ್ಪೇರ್ ಕೂಡ ಜೊತೆಗೇ ತಗೊಳ್ಳಿ.

ಹೊಸ ಸ್ಟ್ಯಾಂಡರ್ಡ್‌ನ ಮಾಲು

ಗ್ರಾಹಕರ ಮನೆಗೆ ಹೋಗುವುದೆಲ್ಲ ಇದೇ ಆಗಿರಲಿ. ಕಾರಣ ಹೇಳುತ್ತೇನೆ.

ಓಎನ್‌ಯುಗೆ ಸಾಮಾನ್ಯವಾಗಿ ಬರುವುದು 12 ವೋಲ್ಟ್, 1 ಆಂಪ್ ಅಡಾಪ್ಟರ್. ಅಂದರೆ ಹೊರಬರುವುದು 12 ವ್ಯಾಟ್. ಶಾಕ್ ಲೆಕ್ಕದಲ್ಲಿ ಇದು ಒಂದನೇ ದರ್ಜೆ. ಆ ಪೆಟ್ಟಿಗೆಯನ್ನು ಮಗು ಮುಟ್ಟಿದರೂ ಭಯವಿಲ್ಲ. ಆದರೆ ಅಡಾಪ್ಟರ್ ಒಳಗೆ 230 ವೋಲ್ಟ್ ಇದೆ, ಮೂರನೇ ದರ್ಜೆ. ಎರಡರ ನಡುವೆ ಇರುವುದು ಬೆರಳಷ್ಟು ದಪ್ಪದ ಒಂದು ಟ್ರಾನ್ಸ್‌ಫಾರ್ಮರ್ ಮತ್ತು ಅದರ ಇನ್ಸುಲೇಶನ್. ಅದು ಕಳಪೆಯಾದರೆ ಗೋಡೆಯ ಕರೆಂಟು ನೇರವಾಗಿ ಓಎನ್‌ಯುಗೆ, ಅಲ್ಲಿಂದ ಲ್ಯಾನ್ ಕೇಬಲ್‌ಗೆ, ಅಲ್ಲಿಂದ ಮನೆಯವರ ಕೈಗೆ ಬರುತ್ತದೆ. ಇಡೀ ನೆಟ್‌ವರ್ಕ್‌ನಲ್ಲಿ ಹೆಚ್ಚು ಜನರ ಪಕ್ಕದಲ್ಲಿ ಕೂರುವ ಸಾಮಾನು ಇದೇ. ನಾವು ಅತಿ ಕಡಿಮೆ ಗಮನ ಕೊಡುವುದೂ ಇದಕ್ಕೇ. ಓಎಲ್‌ಟಿಗೆ ಲಕ್ಷಗಟ್ಟಲೆ ಸುರಿದು ಅಡಾಪ್ಟರ್‌ನಲ್ಲಿ ಐವತ್ತು ರೂಪಾಯಿ ಉಳಿಸುವುದು ನನಗೆ ಯಾವತ್ತೂ ಸರಿ ಕಾಣುವುದಿಲ್ಲ.

ಇಲ್ಲೊಂದು ಸೂಕ್ಷ್ಮವೂ ಇದೆ. 62368-1ರ 2014ರ ಆವೃತ್ತಿ, ಹಳೆ ಸ್ಟ್ಯಾಂಡರ್ಡ್ ಪಾಸಾದ ಬಿಡಿಭಾಗಗಳನ್ನು ಹೊಸ ಪೆಟ್ಟಿಗೆಯಲ್ಲಿ ಬಳಸಲು ಬಿಡುತ್ತಿತ್ತು. 2018ರ ಆವೃತ್ತಿ ಆ ಸಡಿಲಿಕೆಯನ್ನು ತೆಗೆದುಹಾಕಿತು. ಆದ್ದರಿಂದ ಪೆಟ್ಟಿಗೆಯ ಲೇಬಲ್ ಒಂದನ್ನೇ ನೋಡಿ ನೆಮ್ಮದಿಯಾಗಬೇಡಿ. ಐಟಿ ಸಾಮಾನಿನ ಪವರ್ ಅಡಾಪ್ಟರ್‌ಗೆ ಬಿಐಎಸ್ ನೋಂದಣಿ ಪ್ರತ್ಯೇಕವಾಗಿಯೇ ಬೇಕು. ಅದರ ಲೇಬಲ್ಲನ್ನೂ ತಿರುಗಿಸಿ ಓದಿ.

ಕೇಬಲ್ ಮೂಲಕವೇ ಕರೆಂಟು ಕಳಿಸುವವರಿಗೂ ಹೊಸದೇ ಬೇಕು. ಕ್ಯಾಮೆರಾ, ವೈಫೈಗೆ ಲ್ಯಾನ್ ಕೇಬಲ್‌ನಲ್ಲಿ ಪಿಓಇ ಕೊಡುವುದು ಈಗ ಮಾಮೂಲು. ಮೊದಲು 15.4 ವ್ಯಾಟ್ ಇದ್ದದ್ದು ಈಗಿನ ಸ್ಟ್ಯಾಂಡರ್ಡ್‌ನಲ್ಲಿ 90 ವ್ಯಾಟ್‌ವರೆಗೆ ಬಂದಿದೆ. ಬೆಂಕಿಯ ಲೆಕ್ಕದಲ್ಲಿ ಅದು ಎರಡನೇ ದರ್ಜೆಯ ಮೇಲಂಚು. ಇದಕ್ಕಂತಲೇ ಐಇಸಿ 62368-3 ಎಂಬ ಭಾಗ ಬಂದಿದೆ. ಅಪಾರ್ಟ್‌ಮೆಂಟ್‌ಗಳಲ್ಲಿ ಕೆಲವರು ಗ್ರಾಹಕರ ಮನೆಯ ಕರೆಂಟನ್ನೇ ಲ್ಯಾನ್ ಕೇಬಲ್‌ನಲ್ಲಿ ಹಿಂದಕ್ಕೆ ಎಳೆದು ಮೆಟ್ಟಿಲ ಹತ್ತಿರದ ಸ್ವಿಚ್ ಓಡಿಸುತ್ತಾರೆ, ರಿವರ್ಸ್ ಪಿಓಇ. ಅದರಲ್ಲಿ ಒಂದು ಮನೆಯ ಅಡಾಪ್ಟರ್ ಕೆಟ್ಟರೆ ತೊಂದರೆ ಬೇರೆ ಮನೆಗೂ ಹರಡುವ ದಾರಿ ಇರುತ್ತದೆ. ಮಾಡಲೇಬೇಕು ಎನ್ನುವವರು ನೋಂದಣಿ ಇಲ್ಲದ ಸಾಮಾನನ್ನು ಅಲ್ಲಿ ಖಂಡಿತ ಹಾಕಬೇಡಿ.

ಹೊಸ ಮಾಲಿನ ಕೊರತೆ ಏನು? ಬೆಲೆ ಜಾಸ್ತಿ. ಕೆಲವು ಮಾಡೆಲ್‌ಗಳು ಬೇಕಾದಾಗ ಸ್ಟಾಕ್ ಇರುವುದಿಲ್ಲ, ಕಾಯಬೇಕು. ಇದಕ್ಕಿಂತ ದೊಡ್ಡದು, ಹೊಸ ಸ್ಟ್ಯಾಂಡರ್ಡ್ ಅಂದರೆ ಸಿಡಿಲಿಗೂ ಸಾಯದ ಪೆಟ್ಟಿಗೆ ಎಂಬ ತಪ್ಪು ನಿರೀಕ್ಷೆ. ಇದನ್ನು ಬೇರೆಯಾಗಿಯೇ ಹೇಳಬೇಕು.

ಸಿಡಿಲು, ಅರ್ಥಿಂಗ್, ಬಿಸಿಲು

ಸುರಕ್ಷತಾ ಸ್ಟ್ಯಾಂಡರ್ಡ್ ಕಾಪಾಡುವುದು ಮನುಷ್ಯರನ್ನು. ಪೆಟ್ಟಿಗೆ ಕೆಟ್ಟು ನಿಂತರೂ, ಬೆಂಕಿ ಹತ್ತದೆ ಯಾರಿಗೂ ಏನೂ ಆಗದಿದ್ದರೆ ಆ ಸ್ಟ್ಯಾಂಡರ್ಡ್ ಪ್ರಕಾರ ಅದು ಪಾಸು. ಸರ್ಜ್ (ಲೈನಿನಲ್ಲಿ ಏಕಾಏಕಿ ಏರುವ ವೋಲ್ಟೇಜ್) ಬಂದಾಗ ಪೆಟ್ಟಿಗೆ ಕೆಲಸ ಮುಂದುವರಿಸುತ್ತದೆಯೇ ಎಂಬುದಕ್ಕೆ ಬೇರೆ ಪರೀಕ್ಷೆ ಇದೆ, ಐಇಸಿ 61000-4-5. ಡೀಲರ್ ಹತ್ತಿರ ಎಷ್ಟು ಕಿಲೋವೋಲ್ಟ್‌ಗೆ ಪಾಸಾಗಿದೆ ಅಂತ ಕೇಳಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಕಂಡ ನಮ್ಮವರಿಗೆ ಇದರ ಬೆಲೆ ಹೇಳಿಕೊಡಬೇಕಿಲ್ಲ.

"ಫೈಬರ್ ಬಂತಲ್ಲ, ಇನ್ನೇನು ಸಿಡಿಲಿನ ಭಯ" ಎನ್ನುವವರಿದ್ದಾರೆ. ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ, ನಿಜ. ಆದರೆ ಕಂಬದಿಂದ ಕಂಬಕ್ಕೆ ಫೈಬರನ್ನು ಹೊತ್ತು ನಿಂತಿರುವ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ. ಬೆಸ್ಕಾಂ ಲೈನಿನ ಮೂಲಕವೂ ಬರುತ್ತದೆ. ಆ ತಂತಿಯನ್ನು ಕಂಟ್ರೋಲ್ ರೂಮಿನ ಒಳಗಿನವರೆಗೂ ತಂದು ರ‍್ಯಾಕ್‌ಗೆ ಕಟ್ಟಬೇಡಿ. ಕಟ್ಟಡದ ಹೊರಗೇ ಅರ್ಥ್ ಮಾಡಿ, ಒಳಗೆ ಬರೀ ಫೈಬರ್ ಬರಲಿ.

ಅರ್ಥಿಂಗ್ ವಿಷಯದಲ್ಲಿ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ನಮ್ಮ ಮೂರೂ ಜಿಲ್ಲೆಗಳ ನೆಲ ಸುಲಭದ್ದಲ್ಲ. ಪಾವಗಡ, ಮಧುಗಿರಿ ಕಡೆಯಿರಲಿ, ಚಿಕ್ಕಬಳ್ಳಾಪುರ, ಕೋಲಾರದ ಬಂಡೆ ನೆಲವಿರಲಿ, ಒಣಗಿದ ಕಲ್ಲು ನೆಲ ಕರೆಂಟನ್ನು ಚೆನ್ನಾಗಿ ಹೀರುವುದಿಲ್ಲ. ಒಂದು ಸರಳು ಹೊಡೆದು ಬಿಟ್ಟರೆ ಸಾಲುವುದಿಲ್ಲ. ಐಎಸ್ 3043 ಗೊತ್ತಿರುವ ಎಲೆಕ್ಟ್ರಿಷಿಯನ್ ಹತ್ತಿರ ಅಳತೆ ಮಾಡಿಸಿ, ಬೇಕಾದರೆ ಎರಡು ಮೂರು ಗುಂಡಿ ತೋಡಿಸಿ ಜೋಡಿಸಿ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿಸಿ. ಮೂರು ಪಿನ್ ಪ್ಲಗ್ಗಿನ ಸಾಮಾನನ್ನು ಪರೀಕ್ಷೆ ಮಾಡುವಾಗ ಅರ್ಥ್ ಸರಿಯಾಗಿದೆ ಎಂದೇ ಲೆಕ್ಕ ಹಿಡಿದಿರುತ್ತಾರೆ. ಅರ್ಥ್ ಪಿನ್ ಕಿತ್ತು ಎರಡು ಪಿನ್ನಿನ ಬೋರ್ಡಿಗೆ ಸಿಕ್ಕಿಸಿದ ಕ್ಷಣ, ಹಳೆಯದಿರಲಿ ಹೊಸದಿರಲಿ, ಲೇಬಲ್ಲಿಗೆ ಅರ್ಥವಿಲ್ಲ.

ಬಿಸಿಲಿನದೂ ಹಾಗೇ. ಪರೀಕ್ಷೆ ಆಗಿರುವುದು ತಯಾರಕರು ಬರೆದ ಗರಿಷ್ಠ ತಾಪಮಾನದವರೆಗೆ ಮಾತ್ರ. ಅದು 40 ಡಿಗ್ರಿ ಅಂತಿದ್ದರೆ, ಏಪ್ರಿಲ್ ಮಧ್ಯಾಹ್ನ ಪಾವಗಡದ ಕಂಬದ ಮೇಲಿನ ಕಬ್ಬಿಣದ ಡಬ್ಬಿ ಒಳಗೆ ಅದನ್ನು ಇಡುವ ಹಾಗಿಲ್ಲ.

ಕಂಬದ ವಿಚಾರದಲ್ಲಿ ನನ್ನ ಸಲಹೆ, ಅಲ್ಲಿ ಕರೆಂಟೇ ಬೇಡ. ಪಾನ್‌ನದೇ ಒಂದು ಬಗೆಯಾದ ಜಿಪಾನ್‌ನಲ್ಲಿ ಸ್ಪ್ಲಿಟರ್‌ಗೆ (ಒಂದು ಫೈಬರಿನ ಬೆಳಕನ್ನು ಹಲವು ಫೈಬರಿಗೆ ಹಂಚುವ ಡಬ್ಬಿ) ವಿದ್ಯುತ್ ಬೇಕಿಲ್ಲ. ಓಎಲ್‌ಟಿಯಿಂದ 20 ಕಿಲೋಮೀಟರ್‌ವರೆಗೆ ಹೋಗಬಹುದು, ಸ್ಪ್ಲಿಟ್ ಜಾಸ್ತಿಯಾದಷ್ಟೂ ದೂರ ಕಮ್ಮಿಯಾಗುತ್ತದೆ. ಮಧುಗಿರಿಯಂಥ ಊರಿನಲ್ಲಿ ಒಂದು ಒಳ್ಳೆಯ ಕಂಟ್ರೋಲ್ ರೂಮ್ ಮಾಡಿ ಸುತ್ತಲಿನ ಹಳ್ಳಿಗಳಿಗೆ ಬರೀ ಗಾಜು ಎಳೆದರೆ, ದಾರಿಯುದ್ದಕ್ಕೂ ಶಾಕ್ ಹೊಡೆಯುವ ಪೆಟ್ಟಿಗೆಯೇ ಇರುವುದಿಲ್ಲ. ಊರೂರಿನ ಮೀಡಿಯಾ ಕನ್ವರ್ಟರ್ (ಫೈಬರ್ ಬೆಳಕನ್ನು ಲ್ಯಾನ್ ಕೇಬಲ್‌ಗೆ ಬದಲಿಸುವ ಪೆಟ್ಟಿಗೆ), ಅದರ ಬ್ಯಾಟರಿ, ಅದರ ಕರೆಂಟ್ ಬಿಲ್ಲು ಎಲ್ಲದರ ಖರ್ಚೂ ಉಳಿತಾಯವಾಗುತ್ತದೆ. ಹುಡುಗರಿಗೆ ಒಂದು ಮಾತು ಮಾತ್ರ ಹೇಳಿ: ಪಾನ್‌ನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಾಣುವುದಿಲ್ಲ ಅಂತ ಫೈಬರ್ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬಾರದು.

ಸೆಕೆಂಡ್ ಹ್ಯಾಂಡ್

ದೊಡ್ಡ ಕಂಪನಿಗಳು ಬಿಚ್ಚಿದ ಸಾಮಾನು ಗಟ್ಟಿಮುಟ್ಟಾಗಿರುತ್ತದೆ, ಒಪ್ಪುತ್ತೇನೆ. ಆದರೆ ಫ್ಯಾನ್ ಸವೆದಿರುತ್ತದೆ, ಪವರ್ ಸಪ್ಲೈನ ಕೆಪಾಸಿಟರ್ ಒಣಗಿರುತ್ತದೆ, ಒಳಗೆ ಧೂಳು ಕೂತಿರುತ್ತದೆ. ಯಾರೋ ಪವರ್ ಸಪ್ಲೈ ಬದಲಿಸಿದ್ದರೆ ಹೊರಗಿನ ಲೇಬಲ್ ಆ ಪೆಟ್ಟಿಗೆಗೆ ಸೇರಿದ್ದೇ ಅಲ್ಲ. ಹೊರದೇಶದಿಂದ ತಂದ ಹಳೆ ಸಾಮಾನಿಗೂ ಬಿಐಎಸ್ ನೋಂದಣಿಯಿಂದ ವಿನಾಯಿತಿ ಇಲ್ಲ. ಸ್ವಂತ ಲೈಸೆನ್ಸ್ ಇರುವವರಿಗೆ ನಂಬಿಕಸ್ತ ಮೂಲದ ನಿಯಮವೂ ಅಡ್ಡ ಬರುತ್ತದೆ.

ಇಂಥ ಸಾಮಾನು ಬಹಳಷ್ಟು 48 ವೋಲ್ಟ್ ಡಿಸಿಯಲ್ಲಿ ಓಡುತ್ತದೆ. ಬ್ಯಾಟರಿ ಚಾರ್ಜ್ ಆಗುವಾಗಲೂ 60 ವೋಲ್ಟ್ ದಾಟದಿದ್ದರೆ ಶಾಕ್ ಲೆಕ್ಕದಲ್ಲಿ ಒಂದನೇ ದರ್ಜೆಯೇ, ಬೆಸ್ಕಾಂ ಕರೆಂಟು ಹೋಗಿ ಬಂದರೂ ಸಾಮಾನಿಗೆ ಗೊತ್ತಾಗುವುದಿಲ್ಲ. ಕಂಟ್ರೋಲ್ ರೂಮಿಗೆ ನನಗೆ ಬಹಳ ಇಷ್ಟವಾದ ವ್ಯವಸ್ಥೆ ಇದು. ಆದರೆ ಬೆಂಕಿಯ ಲೆಕ್ಕದಲ್ಲಿ ಬ್ಯಾಟರಿ ಬ್ಯಾಂಕ್ ಮೂರನೇ ದರ್ಜೆ. ಎರಡು ಟರ್ಮಿನಲ್‌ಗೆ ಅಡ್ಡಲಾಗಿ ಸ್ಪಾನರ್ ಬಿದ್ದರೆ ಲೋಹ ಕರಗಿ ಸಿಡಿಯುತ್ತದೆ. ಟರ್ಮಿನಲ್ ಮೇಲೆ ಕವರ್ ಇರಲಿ, ಕೈಯ ಉಂಗುರ, ಬಳೆ, ಕಡಗ ತೆಗೆದಿಟ್ಟು ಕೆಲಸ ಮಾಡಿ.

ಸೆಕೆಂಡ್ ಹ್ಯಾಂಡ್ ಓಎನ್‌ಯು, ಅಡಾಪ್ಟರ್ ಮಾತ್ರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮನೆಗಳಿಗೆ ಬೇಡ.

ದೊಡ್ಡ ಕಂಪನಿ ಜೊತೆ ಪಾಲು

ಓಎಲ್‌ಟಿ ಅವರದು, ಕಾಗದ ಅವರ ತಲೆನೋವು, ಲೈನು ನಿಮ್ಮದು. ಕೈಯಿಂದ ಹಾಕುವ ದುಡ್ಡು ಕಮ್ಮಿ, ತಿಂಗಳ ಪಾಲೂ ಕಮ್ಮಿ. ಕರಾರಿನಲ್ಲಿ ಎರಡು ವಿಷಯ ಸ್ಪಷ್ಟವಾಗಿರಲಿ: ಮನೆಗೆ ಹಾಕುವ ಓಎನ್‌ಯು, ಅಡಾಪ್ಟರ್ ಯಾರು ಕೊಡುತ್ತಾರೆ, ಅದರಿಂದ ಅನಾಹುತವಾದರೆ ಹೊಣೆ ಯಾರದು.

ಯಾರಿಗೆ ಯಾವುದು?

ನೂರು, ಇನ್ನೂರು ಮನೆಯವರು ಪಾಲಿಗೆ ಹೋಗುವುದೇ ಲೇಸು. ಸ್ವಂತ ಮಾಡಲೇಬೇಕೆಂದರೆ ಕಡಿಮೆ ಪೋರ್ಟಿನ ಹೊಸ ಓಎಲ್‌ಟಿ ಒಂದು, ಹೊಸ ಓಎನ್‌ಯುಗಳು, ಕಂಬದ ಮೇಲೆ ಬರೀ ಸ್ಪ್ಲಿಟರ್. ಉಳಿದ ದುಡ್ಡು ಅರ್ಥಿಂಗ್‌ಗೆ.

ಐನೂರರಿಂದ ಸಾವಿರ ಮನೆಯವರು ಓಎಲ್‌ಟಿ, ಓಎನ್‌ಯು ಹೊಸ ಸ್ಟ್ಯಾಂಡರ್ಡ್‌ನದೇ ತಗೊಳ್ಳಿ. ಉಳಿಸಬೇಕಿದ್ದರೆ ಕಂಟ್ರೋಲ್ ರೂಮಿನ ಸ್ವಿಚ್‌ನಲ್ಲಿ ಉಳಿಸಿ, ಅಲ್ಲಿ ಹಳೆ ಸ್ಟ್ಯಾಂಡರ್ಡ್‌ನ ಮಾಲು ನಡೆಯುತ್ತದೆ. ಯುಪಿಎಸ್ ಮಾತ್ರ ಲೋಕಲ್ ಅಸೆಂಬಲ್ ಮಾಡಿದ್ದು ಬೇಡ. 10 ಕೆವಿಎವರೆಗಿನ ಯುಪಿಎಸ್, ಇನ್ವರ್ಟರ್‌ಗೂ ಬಿಐಎಸ್ ನೋಂದಣಿ ಕಡ್ಡಾಯ, ಅದರ ಸ್ಟ್ಯಾಂಡರ್ಡ್ ಐಎಸ್ 16242 (ಭಾಗ 1).

ಸ್ವಂತ ಲೈಸೆನ್ಸ್ ಇರುವವರು, ವಸಂತನರಸಾಪುರ ಅಥವಾ ಕೋಲಾರದ ನರಸಾಪುರದ ಕಾರ್ಖಾನೆಗಳಿಗೆ ಲೈನ್ ಕೊಡುವವರು ಎಲ್ಲವನ್ನೂ ಹೊಸದೇ ತಗೊಳ್ಳಿ. ಅಂಥ ಗ್ರಾಹಕರ ಸೇಫ್ಟಿ ವಿಭಾಗದವರು ಕಾಗದ ಕೇಳುವ ಸಾಧ್ಯತೆ ಜಾಸ್ತಿ. ಆಗ ಡೀಲರ್ ಹಿಂದೆ ಓಡಾಡುವುದಕ್ಕಿಂತ ಫೈಲಿನಲ್ಲೇ ಇಟ್ಟುಕೊಳ್ಳುವುದು ಸುಲಭ.

ಯಾವುದನ್ನೇ ತಗೊಳ್ಳಿ, ದುಡ್ಡು ಕೊಡುವ ಮೊದಲು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆರ್ ನಂಬರ್ ಹಾಕಿ ನೋಡಿ. ತಯಾರಕರ ಹೆಸರು, ಮಾಡೆಲ್, ನೋಂದಣಿ ಚಾಲ್ತಿಯಲ್ಲಿದೆಯೇ ಎಂಬ ಮೂರನ್ನೂ ಪೆಟ್ಟಿಗೆಯ ಜೊತೆ ಹೋಲಿಸಿ. ಟಿಇಸಿ ಸರ್ಟಿಫಿಕೇಟ್‌ನ ಪ್ರತಿ ಕೇಳಿ ಪಡೆಯಿರಿ. ಬಿಲ್ಲಿನಲ್ಲಿ "ಓಎನ್‌ಯು" ಅಂತಷ್ಟೇ ಬರೆಸಬೇಡಿ. ಪೂರ್ತಿ ಮಾಡೆಲ್ ನಂಬರ್, ಸೀರಿಯಲ್ ನಂಬರ್, ಅಡಾಪ್ಟರ್‌ನ ಮಾಡೆಲ್ ಸಹ ಬರೆಸಿ. ಮುಂದಿನ ಲಾಟ್‌ನಲ್ಲಿ ಬೇರೆ ಅಡಾಪ್ಟರ್ ಬಂದರೆ ವಾಪಸ್ ಕಳಿಸಲು ನಿಮ್ಮ ಕೈಯಲ್ಲಿರುವ ಆಧಾರ ಆ ಬಿಲ್ಲೇ.